ಮೂಲೆಗೆ ಬರುವ ಗಾಡಿ

"ಸ್ವಲ್ಪ ಓದಿ ಹೇಳ್ರೀ, ಕನ್ನಡಕ ಮನೇಲೇ ಬಿಟ್ಟು ಬಂದಿದೀನಿ," ಎಂದ ತಿಯೆನ್‌ಫು.

ಸುಳ್ಳು. ಕನ್ನಡಕ ಅವನ ಅಂಗಿಯ ಜೇಬಿನಲ್ಲೇ ತಣ್ಣಗೆ ಕೂತಿತ್ತು. ಆದರೆ ಗಲ್ಲಿಯ ಮೂಲೆಯ ಕರೆಂಟು ಕಂಬಕ್ಕೆ ಅಂಟಿಸಿದ್ದ ಆ ಹಳದಿ ನೋಟೀಸನ್ನು ಯುಲಾನ್ ಓದಿದರೆ, ಸಂಜೆ ಏಳೂವರೆಯ ಕಸದ ಗಾಡಿ ಬರುವ ತನಕ ಅವಳ ದನಿ ಕೇಳುತ್ತ ನಿಲ್ಲಬಹುದಲ್ಲ ಎಂಬ ಆಸೆ. ಅರವತ್ತೆಂಟರ ನಿವೃತ್ತ ಬಸ್ ಡ್ರೈವರನಿಗೆ ಇಂಥ ಆಸೆ ಬರಬಾರದೆಂದು ಯಾವ ನೋಟೀಸಿನಲ್ಲೂ ಬರೆದಿರುವುದಿಲ್ಲ.

ಯುಲಾನ್ ತನ್ನ ಪುಟ್ಟ ಕಸದ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡು, ಹೂವಿನ ಟೋಪಿಯನ್ನು ಹಿಂದಕ್ಕೆ ಸರಿಸಿ ಕಂಬದ ಹತ್ತಿರ ಹೋದಳು. "ಸಾರ್ವಜನಿಕ ಪ್ರಕಟಣೆ. ಹಳೇ ಐಸ್ ಕಾರ್ಖಾನೆಯ ಖಾಲಿ ಜಾಗದಲ್ಲಿ ಐದು ಅಂತಸ್ತಿನ ಪಾರ್ಕಿಂಗ್ ಕಟ್ಟಡ ಕಟ್ಟಲು ಯೋಜಿಸಲಾಗಿದೆ." ತಿಯೆನ್‌ಫು ಹ್ಞೂಂಗುಟ್ಟಿದ. "ನೆಲ ಅಂತಸ್ತಿನಲ್ಲಿ ಹಗಲೂ ರಾತ್ರಿ ತೆರೆದಿರುವ ಕಸದ ಕೋಣೆ ಇರುತ್ತದೆ. ಕೋಣೆ ಶುರುವಾದ ಮೇಲೆ ಈ ಬಡಾವಣೆಗೆ ಕಸದ ಗಾಡಿ ಬರುವುದು ನಿಲ್ಲುತ್ತದೆ. ನಿವಾಸಿಗಳು ತಮ್ಮ ಅಭಿಪ್ರಾಯವನ್ನು ಮಂಗಳವಾರ ಸಂಜೆ ಏಳಕ್ಕೆ ಸಮುದಾಯ ಭವನದ ಸಭೆಯಲ್ಲಿ ತಿಳಿಸಬಹುದು."

ಹ್ಞೂಂಗುಟ್ಟುತ್ತಿದ್ದವನು ಥಟ್ಟನೆ ನೋಟೀಸಿನ ಕಡೆ ಬಗ್ಗಿದ.

"ಗಾಡಿ ಬರಲ್ವಾ?"

"ಬರಲ್ವಂತೆ. ಒಳ್ಳೇದೇ ಆಯ್ತಲ್ಲ ಡ್ರೈವರ್ರೇ," ಎಂದು ಯುಲಾನ್ ಅವನ ಮುಖವನ್ನೇ ನೋಡಿದಳು. "ಮಳೆ ಇರ್ಲಿ ಬಿಸಿಲಿರ್ಲಿ, ಚೀಲ ಹಿಡ್ಕೊಂಡು ಕಾಯೋದು ತಪ್ತು. ನಮ್ಮಂಥೋರ ಮಂಡಿಗೂ ಸುಖ."

"ಹೌದೌದು, ಮಂಡಿಗೆ ಸುಖ," ಎಂದ ತಿಯೆನ್‌ಫು. ಎಂದವನಿಗೇ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಗಲ್ಲಿಯ ತಿರುವಿನಿಂದ ಪಿಯಾನೋ ರಾಗ ಕೇಳಿಸಿತು. ತೈವಾನಿನ ಈ ತೈನಾನ್ ನಗರದಲ್ಲಿ ಹುಟ್ಟಿದ ಮಗು ಅಮ್ಮಾ ಅನ್ನುವ ಮೊದಲೇ ಗುರುತಿಸುವ ರಾಗ ಅದು. ಹಳದಿ ಗಾಡಿ ಹಾಡುತ್ತ ಬಂದು ನಿಂತಿತು. ಬಾಗಿಲುಗಳು ತೆರೆದವು. ಚಪ್ಪಲಿ ಎಳೆಯುತ್ತ, ಕೂದಲಿಗೆ ಸುರುಳಿ ಸುತ್ತಿಕೊಂಡು, ಬಾಯಲ್ಲಿ ತುತ್ತು ಇಟ್ಟುಕೊಂಡೇ ಜನ ಓಡಿ ಬಂದರು. ಕಸ ನೆಲ ಮುಟ್ಟುವ ಹಾಗಿಲ್ಲ, ಕೈಯಿಂದ ನೇರ ಗಾಡಿಗೇ ಹೋಗಬೇಕು ಎಂಬುದು ಇಲ್ಲಿಯ ಕಾನೂನು. ಹಾಗಾಗಿ ರಾಜನಾದರೂ ಈ ಹೊತ್ತಿಗೆ ಬೀದಿಗೆ ಬಂದೇ ತೀರಬೇಕು. ಎದುರು ಮನೆಯ ಹೊಂಗ್ ಅಜ್ಜಿಗೆ ಮಾತ್ರ ಕಿವಿ ಕೇಳದು. ಅವಳು ಕಿಟಕಿಯಲ್ಲಿ ಕೂತು, ಕಂಬದ ಬಳಿ ತಿಯೆನ್‌ಫು ಮತ್ತು ಯುಲಾನ್ ಬಂದು ನಿಂತರೆಂದರೆ ಗಾಡಿ ಬರುತ್ತಿದೆಯೆಂದೇ ಲೆಕ್ಕ ಹಾಕಿ ಚೀಲ ಕಟ್ಟಿಕೊಂಡು ಹೊರಬೀಳುತ್ತಿದ್ದಳು.

ಯುಲಾನ್ ಚೀಲ ಎಸೆದು, "ಬರ್ತೀನಿ ಡ್ರೈವರ್ರೇ," ಎಂದು ಹಿಂದಿನ ಗಲ್ಲಿಯ ಕಡೆ ಹೊರಟುಹೋದಳು. ತಿಯೆನ್‌ಫು ಅವಳ ಟೋಪಿ ಮರೆಯಾಗುವ ತನಕ ನೋಡಿದ. ಅವಳ ಮನೆ ಆ ಗಲ್ಲಿಯಲ್ಲಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದುಕೊಂಡಿದ್ದ.

ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು ತಿಯೆನ್‌ಫು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ನದಿಯಾಚೆಯ ಬಡಾವಣೆಯಲ್ಲಿದ್ದಳು, ವಾರಕ್ಕೊಮ್ಮೆ ಬಂದು ಅಪ್ಪನ ಫ್ರಿಜ್ಜು ತುಂಬಿಸಿ, ಬೈದು ಹೋಗುತ್ತಿದ್ದಳು. ಒಬ್ಬಂಟಿ ಗಂಡಸಿನ ಮನೆಯಲ್ಲಿ ದಿನಾ ಎಸೆಯುವಷ್ಟು ಕಸ ಎಲ್ಲಿಂದ ಬರಬೇಕು? ಒಂದು ಮೊಟ್ಟೆ ಸಿಪ್ಪೆ, ಎರಡು ಚಿಟಿಕೆ ಚಹಾ ಚರಟ. ಅದನ್ನೇ ದೊಡ್ಡ ಚೀಲಕ್ಕೆ ಹಾಕಿ, ಬಾಯಿಂದ ಗಾಳಿ ಊದಿ, ಉಬ್ಬಿಸಿ ಗಂಟು ಹಾಕಿಕೊಂಡು ಅವನು ಮೂಲೆಗೆ ಬರುತ್ತಿದ್ದ. ಬುಧವಾರ ಮತ್ತು ಭಾನುವಾರ ಗಾಡಿಗೆ ರಜೆ. ಆ ಎರಡು ದಿನ ಅವನಿಗೆ ಊಟ ಸೇರುತ್ತಿರಲಿಲ್ಲ, ಟೀವಿಯಲ್ಲಿ ಏನು ಬಂದರೂ ಬೇಸರವೇ. ಈಗ ನೋಡಿದರೆ ಏಳೂ ದಿನ ಬುಧವಾರವೇ ಆಗುವ ಕಾಲ ಬಂದಂತಿತ್ತು.

ಮರುದಿನ ಬೆಳಿಗ್ಗೆ ಅವನು ಕುನ್‌ನ ತಿಂಡಿ ಅಂಗಡಿಯಲ್ಲಿ ಸೋಯಾ ಹಾಲಿನ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದ. ಕಂಬದ ಮೇಲಿನ ಧ್ವನಿವರ್ಧಕ ಗೊರಗೊರ ಎಂದಿತು. ವಾರ್ಡಿನ ಮುಖಂಡೆ ಬಾವ್‌ಗುಯ್ ಅಕ್ಕನ ದನಿ ಇಡೀ ಬಡಾವಣೆಯನ್ನು ಎಬ್ಬಿಸಿತು.

"ಅಕ್ಕಂದಿರೇ, ಅಣ್ಣಂದಿರೇ, ಮಂಗಳವಾರ ಸಂಜೆ ಪಾರ್ಕಿಂಗ್ ಕಟ್ಟಡದ ಸಭೆ ಇದೆ. ನೋಟೀಸನ್ನ ಯಾರೂ ಓದಿಲ್ಲ ಅಂತ ನಂಗೊತ್ತು. ಅದಕ್ಕೇ ಹೇಳ್ತಿದೀನಿ, ಬಂದೋರಿಗೆ ಊಟದ ಡಬ್ಬಿ ಇದೆ. ಇಡೀ ಕೋಳಿ ಕಾಲು! ಆಮೇಲೆ ನಮಗೆ ಹೇಳ್ಲಿಲ್ಲ ಅಂತ ನನ್ ಮನೆ ಮುಂದೆ ಬಂದು ಕೂಗಾಡ್ಬೇಡಿ."

"ಕೇಳ್ದ್ಯಾ? ಕೋಳಿ ಕಾಲಂತೆ," ಎಂದ ಕುನ್ ಬಾಣಲೆಯಿಂದ ತಲೆಯೆತ್ತದೆ. "ಏನಯ್ಯಾ ನೀನು, ಹಾಲು ಆರಿ ಕೆನೆ ಕಟ್ತು. ಕುಡೀತೀಯೋ, ಅದರಲ್ಲಿ ಮುಖ ನೋಡ್ಕೊಂಡು ಕೂತಿರ್ತೀಯೋ?"

"ಕುನ್, ಆ ಕಸದ ಕೋಣೆ ಬೇಡ ಅನ್ನೋಕೆ ಏನು ಕಾರಣ ಕೊಡ್ಬಹುದು?"

"ನಿನ್ ಕಾರಣ ನಂಗೊತ್ತು ಬಿಡು. ಹೂವಿನ ಟೋಪಿ ಹಾಕ್ಕೊಂಡು ಓಡಾಡ್ತದೆ."

ತಿಯೆನ್‌ಫುವಿನ ಕಿವಿ ಕೆಂಪಾಯಿತು. "ಥೂ, ಬಾಯ್ಮುಚ್ಚೋ. ಪಕ್ಕದಲ್ಲಿ ಜನ ಇದಾರೆ."

"ಜನಕ್ಕೆಲ್ಲ ಗೊತ್ತಿರೋದೇ. ಗೊತ್ತಿಲ್ದೇ ಇರೋದು ನಿನಗೂ ಆ ಯಮ್ಮನಿಗೂ ಮಾತ್ರ." ಕುನ್ ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟಿ, ಅವನ ಎದುರು ಬಂದು ಕುಳಿತ. "ಸರಿ, ಕಾರಣ ತಾನೇ ಬೇಕು? ವಾಸನೆ ಬರ್ತದೆ ಅನ್ನು. ಇಲಿ ಸೇರ್ಕೊಳ್ತವೆ ಅನ್ನು. ಭೂಮಿದೇವರ ಗುಡಿಗೆ ಮೈಲಿಗೆ ಅನ್ನು."

"ಗುಡಿ ಎಲ್ಲೋ ಮಾರ್ಕೆಟ್ ಹತ್ರ ಇದೆಯಲ್ಲೋ."

"ದೇವರ ಮೂಗು ಚುರುಕಿರ್ತದೆ, ನಿಂಗೇನು ಗೊತ್ತು? ಇಲ್ಲಾಂದ್ರೆ ಹೋಗಿ ನೇರವಾಗಿ ಆ ಯಮ್ಮನ ಹತ್ರಾನೇ ಹೇಳು. ಸಭೆನೂ ಬೇಡ, ಕೋಳಿ ಕಾಲೂ ಬೇಡ."

"ಆಕೆಗೆ ಗಾಡಿ ಬೇಡ್ವಂತೆ ಕಣೋ. ಮಂಡಿಗೆ ಸುಖ ಅಂತೆ," ಎಂದ ತಿಯೆನ್‌ಫು. ಹೇಳುವಾಗ ಅವನ ದನಿ ಎಷ್ಟು ಸಣ್ಣದಾಯಿತೆಂದರೆ, ಕುನ್ ಕೂಡ ತಮಾಷೆ ಬಿಟ್ಟು ಸುಮ್ಮನೆ ಎದ್ದುಹೋಗಿ ಬಿಸಿ ಹಾಲು ತಂದಿಟ್ಟ.

ಮಂಗಳವಾರ ಸಂಜೆ ಸಮುದಾಯ ಭವನದ ಮುಂದೆ ನೋಡಬೇಕಿತ್ತು. ಸಭೆಗೆ ಬಂದವರು ಹೆಚ್ಚುಕಡಿಮೆ ಎಲ್ಲರೂ ಕೈಯಲ್ಲಿ ಕಸದ ಚೀಲ ಹಿಡಿದೇ ಬಂದಿದ್ದರು. ಕಸ ನೆಲಕ್ಕಿಡುವಂತಿಲ್ಲವಲ್ಲ, ಸೈಕಲ್ಲಿನ ಹಿಡಿ, ಸ್ಕೂಟರಿನ ಕನ್ನಡಿ, ಭವನದ ಕಬ್ಬಿಣದ ಕಂಬಿ, ಎಲ್ಲಿ ಕೊಂಡಿ ಸಿಕ್ಕಿತೋ ಅಲ್ಲೆಲ್ಲ ಚೀಲಗಳು ತೂಗಾಡುತ್ತಿದ್ದವು. ಯೋಜನಾ ಇಲಾಖೆಯಿಂದ ಬಂದಿದ್ದ ವೆಯ್ ಎಂಬ ಯುವಕ, ಇಸ್ತ್ರಿ ಅಂಗಿಯವನು, ಬಾಗಿಲಲ್ಲೇ ನಿಂತು ಇದನ್ನು ಬೆರಗಿನಿಂದ ನೋಡಿದ.

"ಇದೇನು ಮೇಡಂ, ಪ್ರತಿಭಟನೆಯಾ?" ಎಂದು ಬಾವ್‌ಗುಯ್ ಅಕ್ಕನನ್ನು ಮೆಲ್ಲಗೆ ಕೇಳಿದ.

"ನೀನಿರೋದು ಎಲ್ಲಪ್ಪಾ?"

"ಹೊಸ ಬಡಾವಣೇಲಿ, ಹದಿನಾಲ್ಕನೇ ಮಹಡಿ. ಕಸದ ಕೋಣೆ ಕೆಳಗೇ ಇದೆ, ಯಾವಾಗ ಬೇಕಾದ್ರೂ ಹಾಕ್ಬಹುದು."

"ಅದಕ್ಕೇ ಸಭೇನ ಏಳು ಗಂಟೆಗೆ ಇಟ್ಟಿದೀಯ," ಎಂದು ಅಕ್ಕ ನಕ್ಕು, ಅವನ ಕೈಗೂ ಒಂದು ಊಟದ ಡಬ್ಬಿ ಕೊಟ್ಟಳು. ಏನು ತಪ್ಪಾಯಿತೆಂದು ಅವನಿಗೆ ತಿಳಿಯಲಿಲ್ಲ, ಅವಳು ಹೇಳಲೂ ಇಲ್ಲ.

ತಿಯೆನ್‌ಫು ತನ್ನ ಉಬ್ಬಿದ ಚೀಲವನ್ನು ಕಂಬಿಗೆ ಸಿಕ್ಕಿಸಿ ಒಳಗೆ ಹೋದ. ಸಭೆ ಬೇಗ ಮುಗಿದರೆ ಏಳೂವರೆಗೆ ಮೂಲೆಗೆ ಓಡಬಹುದು ಎಂಬ ಲೆಕ್ಕ ಅವನದು. ಯುಲಾನ್ ಮೂರನೇ ಸಾಲಿನಲ್ಲಿ ಕೂತಿದ್ದಳು, ಟೋಪಿ ಮಡಿಲಲ್ಲಿತ್ತು. ಅವಳ ತಲೆ ನೆರೆತಿರುವುದನ್ನು ಅವನು ನೋಡಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿ ಬಾಚಿದ್ದಾಳಲ್ಲ ಎಂದುಕೊಂಡು, ಎರಡು ಸಾಲು ಹಿಂದೆ ಹೋಗಿ ಕುಳಿತ.

ವೆಯ್ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದ. ಜನ ಕೋಳಿ ಕಾಲು ಕಡಿಯುತ್ತ ನೋಡಿದರು. ಅಭಿಪ್ರಾಯ ಯಾರು ಹೇಳುತ್ತೀರಿ ಎಂದಾಗ, ಕುನ್ ಹಿಂದಿನಿಂದ ತಿಯೆನ್‌ಫುವಿನ ಪಕ್ಕೆಗೆ ತಿವಿದ. ತಿವಿದ ರಭಸಕ್ಕೆ ಅವನು ಎದ್ದೇಬಿಟ್ಟ. ಮೂವತ್ತು ವರ್ಷ ಬಸ್ಸಿನ ತುಂಬ ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಓಡಿಸಿದವನಿಗೆ, ಜನ ಎದುರಿಗೆ ಕೂತು ನೋಡಿದರೆ ಹೇಗಿರುತ್ತದೆಂದು ಗೊತ್ತಿರಲಿಲ್ಲ.

"ವಾಸನೆ ಬರ್ತದೆ," ಎಂದ.

"ಕೋಣೆಗೆ ತಂಪು ಯಂತ್ರ ಇರ್ತದೆ ಸರ್. ಬಾಗಿಲು ತಾನಾಗೇ ಮುಚ್ಕೊಳ್ತದೆ."

"ಇಲಿ?"

"ಗೋಡೆ ಪೂರ್ತಿ ಉಕ್ಕಿಂದು ಸರ್."

"ಭೂಮಿದೇವರು..." ಎಂದು ಶುರು ಮಾಡಿ, ತನ್ನ ಮಾತಿಗೆ ತಾನೇ ನಾಚಿ ತಿಯೆನ್‌ಫು ಕುಳಿತುಬಿಟ್ಟ. ಸಭೆ ಗೊಳ್ಳೆಂದಿತು.

ಆಗ ಎದ್ದವಳು ಚಾಯು. ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಸಂಜೆ ಪಾಳಿಯ ಕೆಲಸದವಳು, ಈ ಸಭೆಗಾಗಿಯೇ ರಜೆ ಹಾಕಿ ಬಂದಿದ್ದಳು. "ನಂಗೆ ಕೋಣೆ ಬೇಕ್ರಪ್ಪಾ. ಗಾಡಿ ಬರೋ ಹೊತ್ತಿಗೆ ನಾನು ಯಾವತ್ತೂ ಮನೇಲಿರಲ್ಲ. ಕಸ ಎಲ್ಲಿಡೋದು? ಫ್ರೀಜರ್‌ನಲ್ಲಿ! ಮಗ ಐಸ್ ಕ್ರೀಮ್ ಹುಡುಕೋಕೆ ಹೋದ್ರೆ ಮೀನಿನ ತಲೆ ಸಿಗ್ತದೆ. ನೀವೆಲ್ಲ ಸಂಜೆ ಅಲ್ಲಿ ನಿಂತ್ಕೊಂಡು ನಗ್ತಾ ಇರ್ತೀರಲ್ಲ, ನಂಗೂ ಬಂದು ನಿಂತ್ಕೊಳ್ಬೇಕು ಅಂತ ಆಸೆ. ಆದ್ರೆ ಆಗಲ್ವಲ್ಲ."

ಯಾರೂ ನಗಲಿಲ್ಲ. ತಿಯೆನ್‌ಫುಗೆ ಕಸಿವಿಸಿಯಾಯಿತು. ಆ ಹುಡುಗಿ ಹೇಳಿದ್ದರಲ್ಲಿ ತಪ್ಪು ಹುಡುಕಲು ಅವನಿಗೆ ಮನಸ್ಸಾಗಲಿಲ್ಲ. ಆದರೆ ಬಾಯಿ ಮುಚ್ಚಿ ಕೂತರೆ ಗಾಡಿ ಹೋಯಿತು, ಮೂಲೆ ಹೋಯಿತು, ಹೂವಿನ ಟೋಪಿಯೂ ಹೋಯಿತು. ಈ ಸಲ ಯಾರೂ ತಿವಿಯದೆ ತಾನಾಗಿಯೇ ಎದ್ದ.

"ಕೋಣೆ ಕಟ್ರಪ್ಪಾ," ಎಂದ. "ಈ ಹುಡುಗಿಗೆ ಬೇಕು, ಕಟ್ಟಿ. ವಾಸನೆ ಇಲಿ ಎಲ್ಲ ನಾನು ಸುಮ್ನೆ ಹೇಳಿದ್ದು. ಆದ್ರೆ ಗಾಡಿ ನಿಲ್ಲಿಸ್ಬೇಡಿ. ಗಾಡಿ ಬರ್ಲಿ."

ವೆಯ್ ಅಭಿಪ್ರಾಯದ ಫಾರಂ ಸಿಕ್ಕಿಸಿದ್ದ ಹಲಗೆ ಎತ್ತಿಕೊಂಡು ಪೆನ್ನು ತೆಗೆದ. "ಎರಡೂ ಇರ್ಲಿ ಅಂತೀರಾ ಸರ್? ಬರ್ಕೊಳ್ತೀನಿ. ಆದ್ರೆ ಕಾರಣ ಹೇಳ್ಬೇಕಾಗ್ತದೆ. ಕೋಣೆ ಇದ್ಮೇಲೆ ಗಾಡಿ ಯಾಕೆ ಬೇಕು?"

"ಯಾಕಂದ್ರೆ..."

ಸಭೆಯಲ್ಲಿ ಕಡಿಯುವ ಸದ್ದು ನಿಂತಿತು. ಬಾವ್‌ಗುಯ್ ಅಕ್ಕ ಕುರ್ಚಿಯ ತುದಿಗೆ ಸರಿದಳು. ಮೂರನೇ ಸಾಲಿನ ನೆರೆತ ತಲೆ ಮಾತ್ರ ತಿರುಗಲಿಲ್ಲ, ಆದರೆ ಮಡಿಲಲ್ಲಿದ್ದ ಟೋಪಿಯ ಅಂಚನ್ನು ಎರಡು ಕೈಗಳು ಬಿಗಿಯಾಗಿ ಹಿಡಿದವು.

"ಯಾಕಂದ್ರೆ, ಸಂಜೆ ಹೊತ್ತು..." ಎಂದ ತಿಯೆನ್‌ಫು.

ಅಷ್ಟರಲ್ಲಿ ಹೊರಗೆ ಪಿಯಾನೋ ರಾಗ ಕೇಳಿಸಿತು.

ಮುಂದಿನದನ್ನು ಏನೆಂದು ಹೇಳುವುದು! ಇಡೀ ಸಭೆ ಒಂದೇ ಮೈಯಾಗಿ ಎದ್ದಿತು. ಕುರ್ಚಿಗಳು ಉರುಳಿದವು. ಬಾವ್‌ಗುಯ್ ಅಕ್ಕ ತಂತಿಯಿಲ್ಲದ ಮೈಕು ಹಿಡಿದುಕೊಂಡೇ ಓಡಿದಳು, ಅವಳ ಚಪ್ಪಲಿಯ ಪಟಪಟ ಸದ್ದು ಧ್ವನಿವರ್ಧಕದಲ್ಲಿ ಬಡಾವಣೆಗೆಲ್ಲ ಕೇಳಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ವೆಯ್ ಒಬ್ಬನೇ, ಅರ್ಧ ತಿಂದ ಕೋಳಿ ಕಾಲುಗಳ ನಡುವೆ ಪೆನ್ನು ಹಿಡಿದು ನಿಂತಿದ್ದ. ಕೊನೆಗೆ ಅವನೂ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಓಡಿದ. "ಸರ್! ಸರ್! ಕಾರಣ!"

ಜನರ ನೂಕಿನಲ್ಲಿ ತಿಯೆನ್‌ಫು ಕಂಬಿಯಿಂದ ಚೀಲ ತೆಗೆದುಕೊಂಡು ಬೀದಿಗೆ ಬಂದಿದ್ದ. ಸಂಜೆಯ ಈ ಹೊತ್ತಿಗೆ ಅವನು ಈ ಹಿಂದಿನ ಗಲ್ಲಿಗೆ ಕಾಲಿಟ್ಟವನೇ ಅಲ್ಲ. ಈ ಹೊತ್ತಿಗೆ ಅವನು ಯಾವಾಗಲೂ ಮೂಲೆಯಲ್ಲಿ, ಕಂಬದ ಪಕ್ಕ. ಗಾಡಿ ಭವನದ ಎದುರಿನ ಹಸಿರು ಬಾಗಿಲ ಮುಂದೆ ನಿಂತಿತ್ತು, ಬಾಗಿಲಿಗೂ ಗಾಡಿಗೂ ನಡುವೆ ಒಬ್ಬ ಮನುಷ್ಯ ಮಲಗುವಷ್ಟೂ ಜಾಗವಿರಲಿಲ್ಲ. ಚೀಲಗಳು ಹಾರಿ ಬೀಳುತ್ತಿದ್ದವು.

"ಯುಲಾನ್!" ಎಂದಳು ಬಾವ್‌ಗುಯ್ ಅಕ್ಕ, ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು. "ಗಾಡಿ ನಿನ್ ಮನೆ ಹೊಸ್ತಿಲ ಮೇಲೇ ನಿಂತಿದೆಯಲ್ಲೇ. ನಿನ್ ಚೀಲ ಎಲ್ಲಿ?"

ಗಾಡಿಯ ಹಿಂದೆ ನೇತಾಡುತ್ತಿದ್ದ ಕೆಲಸದ ಹುಡುಗಿ ಕಿಸಕ್ಕನೆ ನಕ್ಕಳು. "ಆ ಅಮ್ಮ ಇಲ್ಲಿ ಕೊಡಲ್ಲ ಅಕ್ಕಾ. ಯಾವತ್ತೂ ಕೊಟ್ಟಿಲ್ಲ. ಕರೆದ್ರೂ ಕಿಟಕಿ ಹಾಕ್ಕೊಳ್ತಾರೆ. ಅವರು ಕೊಡೋದು ಮೂಲೇಲಿ ಮಾತ್ರ."

ಇಷ್ಟೂ ಮಾತು ಧ್ವನಿವರ್ಧಕದಲ್ಲಿ ಮಾರ್ಕೆಟ್ಟಿನವರೆಗೆ ಹೋಯಿತು.

ತಿಯೆನ್‌ಫು ಗಾಡಿಯನ್ನು ನೋಡಿದ. ಹಸಿರು ಬಾಗಿಲನ್ನು ನೋಡಿದ. ಆಮೇಲೆ ಯುಲಾನಳನ್ನು ನೋಡಿದ. ಅವಳು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಳು, ಕೆಳಗೆ ಕಾಣುತ್ತಿದ್ದಷ್ಟು ಮುಖ ದಾಸವಾಳದಂತೆ ಕೆಂಪಾಗಿತ್ತು.

"ಮೂವತ್ತು ವರ್ಷ ಬಸ್ ಓಡಿಸ್ದೋನು," ಎಂದು ಕುನ್ ಹಣೆ ಚಚ್ಚಿಕೊಂಡ. "ಈ ಗಾಡಿ ಮೂಲೆಗೆ ಬರೋಕ್ ಮುಂಚೆ ಎಲ್ಲೆಲ್ಲಿ ನಿಲ್ತದೆ ಅಂತ ಒಂದ್ ಸಲನಾದ್ರೂ ಯೋಚ್ನೆ ಮಾಡಿದ್ಯೇನೋ ಮಂಕೇ!"

ವೆಯ್ ಏದುಸಿರು ಬಿಡುತ್ತ ಬಂದು ನಿಂತ. "ಸರ್, ಕಾರಣ ಹೇಳ್ಲೇ ಇಲ್ಲ. ಫಾರಂನಲ್ಲಿ ಆ ಸಾಲು ಖಾಲಿ ಬಿಡೋ ಹಾಗಿಲ್ಲ."

"ಕಾರಣ ಇಡೀ ಬಡಾವಣೆಗೇ ಗೊತ್ತು ಕಣಪ್ಪಾ," ಎಂದಳು ಬಾವ್‌ಗುಯ್ ಅಕ್ಕ. "ಹಲಗೆ ಇಲ್ಲಿ ಕೊಡು, ನಾವೆಲ್ಲ ಬರೀತೀವಿ." ಮೊದಲು ಬರೆದವಳು ಚಾಯು. ಅವಳ ಹಿಂದೆ ಕುನ್. ಎಂಜಲು ಬೆರಳು ಅಂಗಿಗೆ ಒರೆಸಿಕೊಳ್ಳುತ್ತ ಉಳಿದವರೂ ಸಾಲುಗಟ್ಟಿದರು. ಗಾಡಿ ಹಾಡುತ್ತ ಮುಂದಿನ ಗಲ್ಲಿಗೆ ಹೊರಟಿತು.

ತಿಯೆನ್‌ಫುವಿನ ಚೀಲ ಕೈಯಲ್ಲೇ ಇತ್ತು.

"ನೀವ್ಯಾಕೆ ಹಾಕ್ಲಿಲ್ಲ ಡ್ರೈವರ್ರೇ?" ಎಂದಳು ಯುಲಾನ್, ಟೋಪಿಯ ಕೆಳಗಿನಿಂದ.

"ನಾನೂ ಮೂಲೇಲೇ ಹಾಕೋದು," ಎಂದ ಅವನು.

ಅವಳು ಒಳಗೆ ಹೋಗಿ ತನ್ನ ಚೀಲ ತಂದಳು. ಅವನು ಅದಕ್ಕೂ ಕೈ ಚಾಚಿದ, ಅವಳು ಕೊಟ್ಟಳು. ಎತ್ತಿದರೆ ಹಗುರ, ತನ್ನದಕ್ಕಿಂತಲೂ ಹಗುರ. ಅವನಿಗೆ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತೀರೆಂದು ಅವಳು ಕೇಳಲಿಲ್ಲ, ಅವನ ಉಬ್ಬಿದ ಚೀಲವನ್ನು ಬೆರಳಿನಿಂದ ಒತ್ತಿ ನೋಡಿ ತಾನೂ ನಕ್ಕಳು. ಇಬ್ಬರೂ ಹಾಗೆ ನಗುತ್ತ, ಮಂಡಿಗೆ ಅವಸರವಿಲ್ಲದಂತೆ ಮೂಲೆಯ ಕಡೆ ನಡೆದರು.

"ಒಳ್ಳೇದೇ ಆಯ್ತು ಅಂದ್ರಲ್ಲ ನೀವು? ನೋಟೀಸ್ ಓದಿ?"

"ನೀವೇನಂತೀರೋ ನೋಡೋಣ ಅಂತ ಅಂದೆ. ನೀವು ಹೌದೌದು ಅಂದುಬಿಟ್ರಿ. ಆವತ್ತು ಮನೇಗೆ ಹೋಗಿ ಎಷ್ಟು ಬೈಕೊಂಡೆ ಗೊತ್ತಾ ನಿಮ್ಮನ್ನ?"

"ಏನಂತ ಬೈದ್ರಿ?"

"ಅದನ್ನೆಲ್ಲ ಹೇಳೋಕಾಗಲ್ಲ, ಹೋಗಿ."

ಮೂಲೆ ಖಾಲಿಯಾಗಿತ್ತು. ಹೊಂಗ್ ಅಜ್ಜಿಯೂ ಸೇರಿ ಎಲ್ಲರೂ ಕಸವನ್ನು ಭವನದ ಮುಂದೆಯೇ ಕೊಟ್ಟುಬಿಟ್ಟಿದ್ದರು. ಗಾಡಿ ಬಂತು, ನಿಂತಿತು, ರಾಗ ಮೊದಲಿನಿಂದ ಕೊನೆಯವರೆಗೆ ಒಂದು ಸುತ್ತು ಮುಗಿಸಿತು. ಯುಲಾನ್ ಏನೋ ಹೇಳುತ್ತಿದ್ದಳು, ಗಂಡ ಸತ್ತ ಮೇಲೆ ಮೊದಲ ಸಲ ದಾರಿ ತಪ್ಪಿದ ಹಾಗೆ ಈ ಮೂಲೆಗೆ ಬಂದದ್ದು, ಮಳೆಯಲ್ಲಿ ಅವನು ಕೊಡೆ ಹಿಡಿದದ್ದು. ತಿಯೆನ್‌ಫು ಎರಡೂ ಚೀಲ ಹಿಡಿದು ಕೇಳುತ್ತಿದ್ದ. ಗಾಡಿಯ ಹಿಂದಿದ್ದ ಹುಡುಗಿ ಕೈ ಚಾಚಿ ಸ್ವಲ್ಪ ಹೊತ್ತು ಕಾದು, ಕೈ ಹಿಂದಕ್ಕೆ ತೆಗೆದುಕೊಂಡಳು.

"ನಡಿ ನಡಿ," ಎಂದು ಗಾಡಿಯ ಮೈ ತಟ್ಟಿ ಡ್ರೈವರನಿಗೆ ಹೇಳಿದಳು. "ಆ ಚೀಲಗಳಲ್ಲಿ ಏನಿದೆ ಅಂತ ನಂಗೊತ್ತು. ಗಾಳಿ."

ಗಾಡಿ ಹೋದ ಮೇಲೆ ಅವರಿಗೆ ಎಚ್ಚರವಾಯಿತು.

"ಅಯ್ಯೋ, ಹಾಕ್ಲೇ ಇಲ್ವಲ್ರೀ!" ಎಂದ ತಿಯೆನ್‌ಫು. ಆಮೇಲೆ ನೆನಪಾಗಿ ಅವನ ಮುಖ ಸಪ್ಪಗಾಯಿತು. "ನಾಳೆ ಬುಧವಾರ."

"ಹ್ಞೂಂ. ಗಾಡಿ ಇಲ್ಲ."

"ಇಲ್ಲ."

ಯುಲಾನ್ ಅವನ ಕೈಯಿಂದ ತನ್ನ ಚೀಲ ತೆಗೆದುಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿದಳು.

"ಆದ್ರೂ ಬನ್ನಿ," ಎಂದಳು.

ಬುಧವಾರ ಸಂಜೆ ತಿಯೆನ್‌ಫು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಬದ ಬಳಿ ನಿಂತ. ಕೈಯಲ್ಲಿ ಚೀಲವಿರಲಿಲ್ಲವಾಗಿ ಆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ, ಒಮ್ಮೆ ಹಿಂದೆ ಕಟ್ಟಿದ, ಒಮ್ಮೆ ಜೇಬಿಗಿಟ್ಟ. ಜೇಬಿನಲ್ಲಿ ಕನ್ನಡಕ ಸಿಕ್ಕಿತು. ಹಾಕಿಕೊಂಡ. ಗಲ್ಲಿಯ ತುದಿಯಿಂದ ಹೂವಿನ ಟೋಪಿ ಬರುವುದು ಸ್ಪಷ್ಟವಾಗಿ ಕಂಡಿತು. ಯುಲಾನ್ ಹೆಚ್ಚಿದ ಸೀಬೆಹಣ್ಣಿನ ಡಬ್ಬಿ ತಂದಿದ್ದಳು, ಜೊತೆಗೆ ಅದ್ದಿಕೊಳ್ಳಲು ಉಪ್ಪು-ಹುಳಿ ಪುಡಿ. ಇಬ್ಬರೂ ಹಳದಿ ನೋಟೀಸಿನ ಕೆಳಗೆ ನಿಂತು ತಿನ್ನತೊಡಗಿದರು.

ಎದುರಿನ ಕಿಟಕಿಯ ಪರದೆ ಸರಿಯಿತು. ಹೊಂಗ್ ಅಜ್ಜಿ ಕಣ್ಣು ಕಿರಿದು ಮಾಡಿ ಅವರನ್ನು ನೋಡಿದಳು, ಗೋಡೆಯ ಕ್ಯಾಲೆಂಡರನ್ನು ನೋಡಿದಳು, ಮತ್ತೆ ಅವರನ್ನು ನೋಡಿದಳು. ಪರದೆ ಮುಚ್ಚಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, ಗಡಿಬಿಡಿಯಲ್ಲಿ ಕಟ್ಟಿದ ಚೀಲ ಹಿಡಿದು ಬಂದು ಅವರ ಹಿಂದೆ ನಿಂತಳು. ಅವಳನ್ನು ಕಂಡು ಪಕ್ಕದ ಮನೆಯಾತ ಬನಿಯನ್ನಿನಲ್ಲೇ ಬಕೆಟ್ಟು ಹಿಡಿದು ಹೊರಬಂದ. ಆಚೆ ಬದಿಯಲ್ಲೂ ಒಂದು ಬಾಗಿಲು ಕಿರುಗುಟ್ಟಿತು.

ತಿಯೆನ್‌ಫು ತಿರುಗಿ ನೋಡಲಿಲ್ಲ. ಯುಲಾನ್ ಇನ್ನೊಂದು ಹೋಳನ್ನು ಪುಡಿಯಲ್ಲಿ ಅದ್ದಿ ಅವನ ಕಡೆ ಚಾಚಿದಳು.